ತುಳಜಾಪುರಕ್ಕೆ ನಡೆಯುವವರೇ, ಗಂಟು ಹಗುರ ಮಾಡಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಸೀಗಿ ಹುಣ್ಣಿಮೆಗೆ ಅಂಬಾಭವಾನಿಯ ದರ್ಶನಕ್ಕೆ ನಡೆದು ಹೊರಡುವವರೆಲ್ಲ ಇದನ್ನು ಓದಬೇಕು. ಓದು ಬಾರದ ಹಿರಿಯರಿಗೆ ಮನೆಯವರು ಓದಿ ಹೇಳಬೇಕು. ಎಲ್ಲರಿಗಿಂತ ದೊಡ್ಡ ಗಂಟು ಅವರ ಹೆಗಲ ಮೇಲೇ ಇರುತ್ತದೆ.

ಜೇವರ್ಗಿಯಿಂದ ಕಲಬುರಗಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಆಳಂದಕ್ಕೆ ಹೆಚ್ಚೂಕಡಿಮೆ ಮತ್ತಷ್ಟೇ. ಆಳಂದದವರು ಹೊಸ್ತಿಲು ದಾಟುವ ಹೊತ್ತಿಗೆ ಜೇವರ್ಗಿಯವರ ಕಾಲಲ್ಲಿ 80 ಕಿ.ಮೀ. ಕೂತಿರುತ್ತದೆ. ಮುಂದೆ ಖಜೂರಿ, ಗಡಿ, ನಳದುರ್ಗ. ನಳದುರ್ಗದ ಕೋಟೆ ಕಂಡ ಮೇಲೂ 30 ಕಿ.ಮೀ.ಗಿಂತ ಹೆಚ್ಚು ದಾರಿ ಉಳಿದಿರುತ್ತದೆ. ಅಫಜಲಪುರದವರಿಗೆ ಒಂದು ಮಾತು ಬೇರೆ. ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿಗೋ ಗಾಣಗಾಪುರದ ದತ್ತನಿಗೋ ನಡೆದು ಬಂದ ಧೈರ್ಯದಲ್ಲಿ ಚೀಲ ಕಟ್ಟಬೇಡಿ. ಒಂದು ದಿನ ಹೊತ್ತ ಭಾರವನ್ನು ನಾಲ್ಕನೇ ದಿನವೂ ಹೊರಲು ಆಗುವುದಿಲ್ಲ.

ಮಾಡಬೇಕಾದ್ದು

ತೂಗಿ ನೋಡಿ. ಹೊರಡುವ ಎರಡು ದಿನ ಮೊದಲು ಚೀಲ ಪೂರ್ತಿ ತುಂಬಿ, ನೀರಿನ ಬಾಟಲಿ ಸಮೇತ ಕಿರಾಣಿ ಅಂಗಡಿಯ ತಕ್ಕಡಿಗೋ ಅಡತಿಯ ಕಾಟಾಕ್ಕೋ ಹಾಕಿ. ನಿಮ್ಮ ಮೈತೂಕದ ಹತ್ತರಲ್ಲೊಂದು ಪಾಲು ಮೀರಬಾರದು. 60 ಕಿಲೋ ಇರುವವರಿಗೆ 6 ಕಿಲೋ ಕಡೆಯ ಮಿತಿ. 4 ಕಿಲೋದಲ್ಲಿ ಮುಗಿಸಿದವರು ಜಾಣರು. ಮೊದಲ ವರ್ಷ ನಾನು 11 ಕಿಲೋ ಹೊತ್ತು ಹೊರಟಿದ್ದೆ. ಖಜೂರಿ ಬರುವುದರೊಳಗೆ ಹೆಗಲ ಚರ್ಮ ಕಿತ್ತಿತ್ತು. ಕಡೆಗೆ ಮನೆಗೆ ಬಂದು ಚೀಲ ಬಿಚ್ಚಿದಾಗ ಅರ್ಧಕ್ಕರ್ಧ ಸಾಮಾನು ಮಡಿಕೆ ಬಿಚ್ಚದೆ ಹಾಗೇ ಇತ್ತು.

ಬಟ್ಟೆ ಎರಡು ಜೊತೆ ಸಾಕು: ಮೈಮೇಲೊಂದು, ಚೀಲದಲ್ಲೊಂದು. ಬೇಗ ಒಣಗುವ ತೆಳು ಬಟ್ಟೆ ಇರಲಿ. ಸಂಜೆ ತಂಗಿದಲ್ಲಿ ತೊಳೆದು ಹಾಕಿ. ಬೆಳಿಗ್ಗೆಗೆ ಒಣಗದಿದ್ದರೆ ಚೀಲದ ಹೊರಗೆ ಕಟ್ಟಿಕೊಂಡು ನಡೆಯಿರಿ, ಬಿಸಿಲು ನೋಡಿಕೊಳ್ಳುತ್ತದೆ.

ಹಾಸಲು ತೊಳೆದು ಬಿಡಿಸಿದ ಗೊಬ್ಬರದ ಚೀಲ, ಹೊದೆಯಲು ಒಂದು ತೆಳು ದುಪ್ಪಟಿ. ನಗಬೇಡಿ. 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಮೆರಿಕದ ಅಪಲಾಚಿಯನ್ ಕಾಲುದಾರಿಯ ಸುಮಾರು 3,300 ಕಿ.ಮೀ.ಯನ್ನು ಒಬ್ಬಳೇ ನಡೆದು ಮುಗಿಸಿದಳು. ಹೆಗಲಲ್ಲಿ ತಾನೇ ಹೊಲಿದ ಜೋಳಿಗೆ, ಅದರಲ್ಲೊಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಡೇರೆ ಇರಲಿಲ್ಲ. ಸಾವಿರಾರು ರೂಪಾಯಿಯ ಬ್ಯಾಗು ಕೊಳ್ಳಲು ಹೊರಟ ಹುಡುಗರು ಈ ಅಜ್ಜಿಯನ್ನು ನೆನೆಯಿರಿ.

ನೀರು ಒಂದು ಲೀಟರ್ ಮಾತ್ರ. ಒಂದು ಲೀಟರ್ ಎಂದರೆ ಒಂದು ಕಿಲೋ. ದಾರಿಯ ಹಳ್ಳಿಗಳಲ್ಲಿ ಜನ ಕೊಡ ಇಟ್ಟುಕೊಂಡು ಕಾದಿರುತ್ತಾರೆ. ಸಿಕ್ಕಲ್ಲೆಲ್ಲ ಕುಡಿಯಿರಿ, ಬಾಟಲಿ ತುಂಬಿಸಿಕೊಳ್ಳಿ. ಹೊಟ್ಟೆಯಲ್ಲಿರುವ ನೀರು ಹೆಗಲು ಎಳೆಯುವುದಿಲ್ಲ.

ಐದು ಜನರಿಗೆ ಒಂದೇ ಔಷಧಿ ಡಬ್ಬಿ, ಒಂದೇ ಟಾರ್ಚ್, ಒಂದೇ ಚಾರ್ಜರ್. ಆದರೆ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಅವರವರ ಜೇಬಿನಲ್ಲೇ ಇರಬೇಕು.

ಮಾಡಬಾರದ್ದು

ಕೌದಿ ತರಬಾರದು. ಅವ್ವ ಹೊಲಿದದ್ದು ಎಂಬುದು ಗೊತ್ತು, ಬೆಚ್ಚಗಿರುತ್ತದೆ ಎಂಬುದೂ ಗೊತ್ತು. ಹಳೇ ಸೀರೆಗಳ ಪದರದ ಮೇಲೆ ಪದರ ಕೂಡಿಸಿ ಹೊಲಿದ ಅದು ಒಣಗಿದ್ದಾಗಲೇ ಎರಡು ಕಿಲೋ ತೂಗುತ್ತದೆ. ಹಿಂಗಾರಿ ಮಳೆಯಲ್ಲಿ ಒಮ್ಮೆ ನೆನೆಯಿತೋ, ಹೊರುವವರೂ ಇಲ್ಲ, ಒಣಗಿಸುವವರೂ ಇಲ್ಲ.

ಮೂರು ದಿನದ ಬುತ್ತಿ ಕಟ್ಟಬಾರದು. ಖಡಕ್ ರೊಟ್ಟಿ ಹಗುರ, ಕೆಡುವುದೂ ಇಲ್ಲ. ನಾಲ್ಕು ರೊಟ್ಟಿ, ಸಣ್ಣ ಪೊಟ್ಟಣದಲ್ಲಿ ಶೇಂಗಾ ಹಿಂಡಿ, ಒಂದೆರಡು ಅಳ್ಳಿಟ್ಟಿನ ಉಂಡಿ ಇದ್ದರೆ ಸಾಕು. ಎಣ್ಣೆಗಾಯಿ ತುಂಬಿದ ಸ್ಟೀಲ್ ಡಬ್ಬಿ ಬೇಡವೇ ಬೇಡ. ದಾರಿಯುದ್ದಕ್ಕೂ ಕರೆದು ಕೂರಿಸಿ ಉಣಬಡಿಸುವ ಊರುಗಳಿವೆ. ಅವರ ಅನ್ನ ಬಿಟ್ಟು ನಿನ್ನೆಯ ಪಲ್ಯ ಹೊತ್ತು ನಡೆಯುವುದರಲ್ಲಿ ಅರ್ಥವಿಲ್ಲ.

ತೆಂಗಿನಕಾಯಿ, ಖಣ, ಬಳೆ, ಉಡಿ ತುಂಬುವ ಅಕ್ಕಿ, ಯಾವುದನ್ನೂ ಊರಿಂದ ಹೊರಬಾರದು. ಎರಡು ಕಾಯಿಗೆ ಒಂದು ಕಿಲೋ ಹೋಯಿತು. ಗುಡಿಯ ಮುಂದಿನ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. ಮನೆಯ ಕಾಯಿಯೇ ಆಗಬೇಕೆಂದು ಹರಕೆ ಹೊತ್ತವರು ಒಂದು ತನ್ನಿ, ಐದು ಬೇಡ.

ಎರೆ ಮಣ್ಣಿಗೆ ಇಳಿಯಬಾರದು. ಹನಿ ಬಿದ್ದ ಮೇಲೆ ತೊಗರಿ ಹೊಲದ ಅಡ್ಡದಾರಿ ಹಿಡಿದರೆ ಹೆಜ್ಜೆಗೊಂದು ಮುದ್ದೆ ಚಪ್ಪಲಿಗೆ ಅಂಟುತ್ತದೆ. ಕಾಲಿಗೆ ಅಂಟಿದ ಒಂದು ಕಿಲೋ ಬೆನ್ನ ಮೇಲಿನ ನಾಲ್ಕೈದು ಕಿಲೋದಷ್ಟು ದಣಿಸುತ್ತದೆ. ಸೈನಿಕರ ನಡಿಗೆ ಅಳೆದವರು ಇದನ್ನು ಲೆಕ್ಕ ಹಾಕಿಯೇ ಹೇಳಿದ್ದಾರೆ. ಡಾಂಬರು ರಸ್ತೆಯ ಅಂಚಿನಲ್ಲೇ ನಡೆಯಿರಿ. ಅದೇ ಕಾರಣಕ್ಕೆ ದಪ್ಪ ಬೂಟು ಬೇಡ. ಹೊಸ ಚಪ್ಪಲಿಯಂತೂ ಬೇಡವೇ ಬೇಡ, ಅದು ಭಾರ ಕಮ್ಮಿ ಇದ್ದರೂ ಗುಳ್ಳೆ ಎಬ್ಬಿಸುತ್ತದೆ.

ಎಲ್ಲವನ್ನೂ ಟಂಟಂಗೆ ಹಾಕಿ ಕೈಬೀಸಿಕೊಂಡು ಹೊರಡಬಾರದು. ಭಾರ ಇಳಿಸುವುದೆಂದರೆ ಗಾಡಿಯ ಮೇಲೆ ಹೊರಿಸುವುದಲ್ಲ. ಹುಣ್ಣಿಮೆಯ ಹಿಂದಿನ ರಾತ್ರಿ ಆ ದಾರಿಯಲ್ಲಿ ಗಾಡಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ, ನೀವು ಎಲ್ಲಿರುತ್ತೀರೋ! ನೀರು, ಗುಳಿಗೆ, ದುಪ್ಪಟಿ, ಸ್ವಲ್ಪ ರೊಕ್ಕ, ಮನೆಯವರ ಫೋನ್ ನಂಬರ್ ಬರೆದ ಚೀಟಿ, ಇಷ್ಟು ಮೈಮೇಲೇ ಇರಬೇಕು. ಫೋನ್ ಸತ್ತರೂ ಚೀಟಿ ಸಾಯುವುದಿಲ್ಲ.

ಸಣ್ಣ ಮಕ್ಕಳ ಬೆನ್ನಿಗೆ ಚೀಲ ಹಾಕಬಾರದು. ಅವರೇ ದಣಿದು ನಿಮ್ಮ ಹೆಗಲೇರುತ್ತಾರೆ, ಚೀಲದ ಸಮೇತ.

ದಸರೆಯಿಂದ ಹುಣ್ಣಿಮೆವರೆಗೆ ತುಳಜಾಪುರದ ತಾಯಿ ಮಂಚದ ಮೇಲೆ ನಿದ್ರೆಯಲ್ಲಿರುತ್ತಾಳೆ, ಹುಣ್ಣಿಮೆಗೆ ಎದ್ದು ಸಿಂಹಾಸನಕ್ಕೆ ಬರುತ್ತಾಳೆ. ಆ ಹೊತ್ತಿಗೆ ಗುಡಿಯ ಮುಂದೆ ಕಾಲೂರಲು ಜಾಗ ಇರುವುದಿಲ್ಲ. ಬೆನ್ನ ಮೇಲೆ ಉಬ್ಬಿದ ಚೀಲ ಇಟ್ಟುಕೊಂಡು ಸಾಲಿಗೆ ನುಗ್ಗಬಾರದು. ಹಿಂದಿನವರ ಮುಖಕ್ಕೆ ಬಡಿಯುತ್ತದೆ. ಎದೆಗೆ ಹಾಕಿಕೊಳ್ಳಿ.

ಕುಂಕುಮ, ಕವಡಿ ಸರ, ಮೊಮ್ಮಕ್ಕಳ ಆಟದ ಸಾಮಾನು ಎಲ್ಲ ದರ್ಶನ ಆದ ಮೇಲೆ ಕೊಳ್ಳಿ. ಬರುವಾಗ ಬಸ್ಸಿದೆ, ಆಗ ಎಷ್ಟು ಬೇಕಾದರೂ ಹೊರಿ.