ಕೊಂಡಗೋಗು: ಒಂದು ತಿದ್ದುಪಡಿ



ನಮ್ಮ ಸಂಘದ ಪತ್ರಿಕೆಯ ಹೋದ ಸಂಚಿಕೆಯಲ್ಲಿ ನಾನು ಬರೆದ ವಿಶಾಖಪಟ್ಟಣದ ಪ್ರವಾಸ ಕಥನವನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಅದರಲ್ಲಿ ಸಿಂಹಾಚಲದ ಬೆಟ್ಟದ ಮೇಲೆ ಒಂದೇ ಒಂದು ಎಲೆಯಿಲ್ಲದೆ, ಬರಿಯ ಹಳದಿ ಹೂ ಹೊತ್ತು ನಿಂತ ಮರವೊಂದರ ವರ್ಣನೆ ಬರುತ್ತದೆ. ನಮ್ಮ ಬೆಂಗಳೂರಿನ ಟಬೇಬುಯಾ ಇಲ್ಲಿಗೂ ಬಂದು ನಿಂತಿದೆಯಲ್ಲ ಎಂದು ಅಲ್ಲಿ ಉದ್ಗಾರ ಬೇರೆ ತೆಗೆದಿದ್ದೇನೆ. ಆ ವಾಕ್ಯ ತಪ್ಪು. ಮರ ಟಬೇಬುಯಾ ಅಲ್ಲ.

ತಿದ್ದುಪಡಿಗೆ ಒಂದು ಸಾಲು ಸಾಕಿತ್ತು. ಆದರೆ ಆ ತಪ್ಪು ಹೇಗಾಯಿತು, ಸರಿಯಾದ ಹೆಸರು ಹೇಗೆ ಸಿಕ್ಕಿತು ಎಂಬುದರಲ್ಲಿ ಕನ್ನಡ ಓದುವ ನಮಗೂ ಒಂದು ಪಾಠ ಇದೆ ಅನ್ನಿಸಿತು. ಅದಕ್ಕೇ ಸಂಪಾದಕರಲ್ಲಿ ಇಷ್ಟು ಪುಟ ಕೇಳಿಕೊಂಡೆ.

ಕಂಡದ್ದು

ಫೆಬ್ರವರಿಯಲ್ಲಿ ಸೋದರಮಾವನ ಮಗಳ ಮದುವೆಗೆಂದು ವಿಶಾಖಪಟ್ಟಣಕ್ಕೆ ಹೋಗಿದ್ದೆವು. ಮದುವೆಯ ಮರುದಿನ ಬೆಳಿಗ್ಗೆ ಅಡಿವಿವರಂ ಕಡೆಯಿಂದ ಮೆಟ್ಟಿಲು ಹತ್ತಿ ಸಿಂಹಾಚಲದ ನರಸಿಂಹಸ್ವಾಮಿಯ ದರ್ಶನಕ್ಕೆ ಹೊರಟೆವು. ಉಳಿದವರು ಬಸ್ಸಿನಲ್ಲಿ ಹೋದರು. ನಾನೂ ಮಾವನೂ ಮಾತ್ರ ಮೆಟ್ಟಿಲು ಹಿಡಿದೆವು. ಸ್ವಲ್ಪ ಮೇಲೆ ಹೋದ ಮೇಲೆ, ಎದುರಿನ ಬಂಡೆಗಳ ಇಳಿಜಾರಿನಲ್ಲಿ ಈ ಮರ ಕಂಡಿತು. ಎತ್ತರ ಹೆಚ್ಚಿಲ್ಲ, ಎರಡು ಆಳು ಮೂರು ಆಳಿನಷ್ಟು. ಕೊಂಬೆಗಳ ತುದಿಯಲ್ಲಿ ಮಾತ್ರ ಅಂಗೈಯಗಲದ ಹೂಗಳು, ಒಳ್ಳೆಯ ಅರಿಶಿಣದ ಬಣ್ಣ. ಸುತ್ತಲ ಕಾಡೆಲ್ಲ ಒಣಗಿ ಬೂದುಬಣ್ಣಕ್ಕೆ ತಿರುಗಿರುವಾಗ ಅದೊಂದೇ ಬೆಳಗುತ್ತಿತ್ತು.

ಮೆಟ್ಟಿಲ ಬದಿಯಲ್ಲಿ ಸಂಪಿಗೆ ಹೂವಿನ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದರು. ಮಾವ ಹೇಳಿಕೊಟ್ಟಂತೆ, "ಅಮ್ಮಾ, ಈ ಚೆಟ್ಟು ಪೇರೇಮಿಟಿ?" ಅಂತ ಕೇಳಿದೆ. ಅಜ್ಜಿ ತಿರುಗಿಯೂ ನೋಡದೆ, "ಅದಿ ಕೊಂಡಗೋಗು, ಬಾಬೂ" ಅಂದರು. ಮೆಟ್ಟಿಲ ಮೇಲೆ ಬಿದ್ದಿದ್ದ ಒಂದು ಹೂವನ್ನು ಎತ್ತಿ ನನ್ನ ನೋಟುಬುಕ್ಕಿನ ನಡುವೆ ಇಟ್ಟುಕೊಂಡೆ. ಫೋನಿನಲ್ಲಿ ದೂರದಿಂದ ಒಂದು ಚಿತ್ರವನ್ನೂ ತೆಗೆದೆ.

ತಪ್ಪು ಬರೆದದ್ದು

ಊರಿಗೆ ಬಂದು ಲೇಖನ ಬರೆಯಲು ಕೂತಾಗ ಮರಕ್ಕೆ ಒಂದು ಹೆಸರು ಬೇಕಾಯಿತು. ಎಲೆ ಉದುರಿದ ಮರ, ಫೆಬ್ರವರಿ ತಿಂಗಳು, ಹಳದಿ ಹೂ. ಬೆಂಗಳೂರಿನ ರಸ್ತೆಬದಿಯಲ್ಲಿ ಬೆಳೆದವನಿಗೆ ಇಷ್ಟಾದರೆ ಮತ್ತೇನು ನೆನಪಾಗಬೇಕು? ಫೋನಿನಲ್ಲಿ ಗಿಡಮರ ಗುರುತಿಸುವ ಆ್ಯಪ್‌ಗೆ ಚಿತ್ರ ತೋರಿಸಿದೆ. ಮೂರು ಹೆಸರು ಕೊಟ್ಟಿತು, ಮೊದಲನೆಯದು ಟಬೇಬುಯಾ. ನನಗೆ ಬೇಕಾದದ್ದೂ ಅದೇ. ಉಳಿದೆರಡನ್ನು ನೋಡಲಿಲ್ಲ. ಅಜ್ಜಿಯ ಮಾತಂತೂ ನೆನಪಿಗೇ ಬರಲಿಲ್ಲ. ನಿಜ ಹೇಳಬೇಕೆಂದರೆ ನೆನಪಿತ್ತು. ಆದರೆ ಅದು ತೆಲುಗಿನ ಯಾವುದೋ ಆಡುಮಾತು, 'ನಿಜವಾದ' ಹೆಸರಲ್ಲ ಅಂದುಕೊಂಡು ಬಿಟ್ಟೆ.

ಸಂಚಿಕೆ ಹೊರಬಂದ ವಾರದಲ್ಲೇ ಸಸ್ಯಶಾಸ್ತ್ರ ವಿಭಾಗದ ಮೇಷ್ಟ್ರೊಬ್ಬರು ಕಾರಿಡಾರಿನಲ್ಲಿ ನಿಲ್ಲಿಸಿದರು. "ಏನಯ್ಯಾ, ಚೆನ್ನಾಗಿ ಬರೆದಿದ್ದೀಯ. ಆ ಹೂವಿನ ಕೇಸರ ಎಷ್ಟಿತ್ತು?"

"ನೋಡ್ಲಿಲ್ಲ, ಸಾರ್."

"ಮತ್ತೆ ಟಬೇಬುಯಾ ಅಂತ ಹೇಗೆ ಬರೆದೆ?"

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ನೋಟುಬುಕ್ಕಿನಲ್ಲಿ ಹೂವಿತ್ತು. ಮಧ್ಯಾಹ್ನ ಓಡಿಹೋಗಿ ತಂದು ಅವರ ಮೇಜಿನ ಮೇಲಿಟ್ಟೆ. ಒಣಗಿ ಕಂದಾಗಿತ್ತು, ಒಂದು ದಳ ಕಳಚಿತ್ತು. ಅವರು ಸೂಜಿಯ ತುದಿಯಿಂದ ಬಿಡಿಸಿ ತೋರಿಸಿದರು. ಐದು ದಳ, ಒಂದೊಂದೂ ಬಿಡಿ ಬಿಡಿ. ನಡುವೆ ಕೇಸರಗಳ ಒಂದು ಗೊಂಚಲೇ; ಎಣಿಸುತ್ತಾ ಹೋಗಿ ಕೈಬಿಟ್ಟೆವು. ಟಬೇಬುಯಾ ಹೂವಾದರೆ ತುತ್ತೂರಿಯ ಹಾಗೆ ಕೊಳವೆಯಾಗಿರುತ್ತದೆ, ದಳಗಳು ಬುಡದಲ್ಲಿ ಬೆಸೆದಿರುತ್ತವೆ, ಒಳಗೆ ಫಲವತ್ತಾದ ಕೇಸರ ನಾಲ್ಕೇ. ಹೋಲಿಕೆ ಬಣ್ಣದಲ್ಲಿ ಮಾತ್ರ ಇತ್ತು.

"ಅಲ್ಲಿಯವರು ಏನಂತಾರೆ ಇದಕ್ಕೆ?" ಎಂದು ಮೇಷ್ಟ್ರು ಕೇಳಿದಾಗ, "ಕೊಂಡಗೋಗು ಅಂದರು" ಎಂದೆ. ಅವರು ನಕ್ಕರು. "ಹೆಸರು ಕೈಲಿಟ್ಟುಕೊಂಡೇ ಹುಡುಕಾಡಿದ್ದೀಯಲ್ಲೋ!" ಎಂದು ಕಪಾಟಿನಿಂದ ಪುಸ್ತಕ ತೆಗೆದರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಾಕ್ಲೋಸ್ಪರ್ಮಮ್ ರಿಲಿಜಿಯೋಸಮ್. ಕನ್ನಡದಲ್ಲಿ ಅರಿಶಿಣ ಬೂರುಗ. ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಟಬೇಬುಯಾದ ಹಾಗಲ್ಲ, ಇದು ಇಲ್ಲಿಯದೇ ಮರ. ಪೂರ್ವಘಟ್ಟದ ಬಂಡೆಗುಡ್ಡಗಳಲ್ಲಿ ಇರುವಂತೆ ನಮ್ಮ ಬಯಲುಸೀಮೆಯ ಒಣ ಗುಡ್ಡಗಳಲ್ಲೂ ಇದೆ. ನಮ್ಮದೇ ಗುಡ್ಡದ ಮರಕ್ಕೆ ನಾನು ಹೊರಗಿನ ಹೆಸರು ಅಂಟಿಸಿದ್ದೆ.

ಹೆಸರುಗಳು ಏನನ್ನು ನೋಡಿದವು

ಈಗ ಪಾಠಕ್ಕೆ ಬರುತ್ತೇನೆ. ತೆಲುಗಿನಲ್ಲಿ ಕೊಂಡ ಎಂದರೆ ಗುಡ್ಡ. ಗೋಗು ಎಂದರೆ ನಮ್ಮ ಉತ್ತರ ಕರ್ನಾಟಕದವರು ಪುಂಡಿ ಅನ್ನುವ ಗಿಡ. ಗೋಗು ಕೂರ, ಅಂದರೆ ಗೋಗು ಸೊಪ್ಪು ಎಂಬುದೇ ಬಾಯಿಗೆ ಸಿಕ್ಕಿ ಗೋಂಗೂರ ಆಗಿದೆ. ಪುಂಡಿಯ ಎಲೆಯನ್ನು ನೆನಪಿಸಿಕೊಳ್ಳಿ: ಬೆರಳು ಬಿಡಿಸಿದ ಅಂಗೈಯಂತೆ ಸೀಳಿರುತ್ತದೆ. ಹೂವು ಹಳದಿ, ಐದು ದಳ. ಕೊಂಡಗೋಗಿನ ಎಲೆಯೂ ಹಾಗೆಯೇ ಮೂರು ಅಥವಾ ಐದು ಸೀಳಿನ ಅಂಗೈ. ಹೂವೂ ಐದು ದಳದ ಹಳದಿ. ಹಾಗಾದರೆ ಕೊಂಡಗೋಗು ಎಂದರೆ 'ಗುಡ್ಡದ ಪುಂಡಿ'. ಅಜ್ಜಿ ಹೇಳಿದ್ದು ಬರಿಯ ಹೆಸರಲ್ಲ. ಎಲೆ ಹೇಗಿದೆ, ಹೂ ಹೇಗಿದೆ, ಎಲ್ಲಿ ಬೆಳೆಯುತ್ತದೆ ಎಂಬ ಮೂರು ಲಕ್ಷಣವನ್ನು ನಾಲ್ಕು ಅಕ್ಷರದಲ್ಲಿ ಹೇಳಿದ್ದರು.

ಕನ್ನಡದವರು ನೋಡಿದ್ದು ಬೇರೆ. ಅವರು ಕಾಯಿ ಒಡೆದಾಗ ಹಾರುವ ಹತ್ತಿಯನ್ನು ನೋಡಿದರು, ಬೂರುಗ ಅಂದರು. ಬೂರುಗದ ಹೂ ಕೆಂಪು, ಇದರದು ಹಳದಿ. ಅದಕ್ಕೆ ಅರಿಶಿಣ ಸೇರಿಸಿದರು. ವಿಚಿತ್ರವೆಂದರೆ ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ಹೆಸರಿಟ್ಟಾಗ ಬಾಂಬಾಕ್ಸ್ ಎಂಬ ಜಾತಿಗೆ, ಅಂದರೆ ಬೂರುಗದ ಜಾತಿಗೇ, ಸೇರಿಸಿದ್ದ. ನಮ್ಮ ಹಳ್ಳಿಯವನಿಗೂ ಅವನಿಗೂ ಕಣ್ಣಿಗೆ ಬಿದ್ದದ್ದು ಒಂದೇ ಹತ್ತಿ. ಮುಂದೆ ಇದು ಬೂರುಗ ಅಲ್ಲವೆಂದು ತಿಳಿದು ಜಾತಿ ಬೇರೆಯಾಯಿತು. ಈಗಿನ ಜೋಡಿ ಹೆಸರು 1931ರದು. ಕಾಕ್ಲೋಸ್ ಎಂದರೆ ಗ್ರೀಕಿನಲ್ಲಿ ಶಂಖದ ಚಿಪ್ಪು, ಸ್ಪರ್ಮ ಎಂದರೆ ಬೀಜ. ಬೀಜ ಸುರುಳಿಯಾಗಿ ಬಾಗಿರುವುದರಿಂದ ಆ ಹೆಸರು. ದೇವಸ್ಥಾನಗಳಲ್ಲಿ ಹೂವನ್ನು ಏರಿಸುತ್ತಾರಾದ್ದರಿಂದ ರಿಲಿಜಿಯೋಸಮ್ ಎನ್ನುತ್ತಾರೆ.

ಇಂದಿನ ವರ್ಗೀಕರಣದಲ್ಲಿ ಇದು ರಂಗಿನ ಬೀಜ ಕೊಡುವ ಬಿಕ್ಸಾದ ಕುಟುಂಬಕ್ಕೆ ಸೇರಿದೆ. ಪುಂಡಿ, ಬೂರುಗ ಎರಡೂ ದಾಸವಾಳದ ಕುಟುಂಬದವು. ಆದರೆ ಈ ಎರಡು ಕುಟುಂಬಗಳೂ ಮ್ಯಾಲ್ವೇಲಿಸ್ ಎಂಬ ಒಂದೇ ಗಣದೊಳಗಿವೆ. ಅಂದರೆ ತೆಲುಗಿನ ಹೆಸರೂ ಕನ್ನಡದ ಹೆಸರೂ ದಾಯಾದಿಗಳ ಮನೆಗೇ ಕರೆದುಕೊಂಡು ಹೋಗುತ್ತವೆ. ಟಬೇಬುಯಾ ಇರುವುದು ಬೇರೆಯೇ ಗಣದಲ್ಲಿ. ಪುಸ್ತಕ ಓದದವರು ಇಟ್ಟ ಎರಡು ಹೆಸರು ನಿಜದ ಹತ್ತಿರ ಬಂದವು. ಕಾಲೇಜು ಓದುವ ನಾನಿಟ್ಟದ್ದು ದೂರ ಹೋಯಿತು.

ತೆಲುಗು–ಕನ್ನಡ ಮರಗಳು

ಅಕ್ಕಪಕ್ಕದ ಭಾಷೆಯಲ್ಲಿ ಮರದ ಹೆಸರು ಕೇಳಿದಾಗ ಕೆಲವು ಸಲ ಸುಲಭವಾಗಿ ಹೊಂದುತ್ತದೆ. ತೆಲುಗಿನ ನೇರೇಡು ನಮ್ಮ ನೇರಳೆ, ತಂಗೇಡು ನಮ್ಮ ತಂಗಡಿ, ಮೋದುಗ ನಮ್ಮ ಮುತ್ತುಗ. ಬೂರುಗ ಎರಡೂ ಕಡೆ ಬೂರುಗವೇ. ಧ್ವನಿ ನಿಯಮ ಗೊತ್ತಿದ್ದರೆ ಇನ್ನೂ ಕೆಲವು ಬಿಚ್ಚಿಕೊಳ್ಳುತ್ತವೆ. ಅಲ್ಲಿ ಪದದ ಮೊದಲಿಗೆ ವಕಾರ ಇದ್ದಲ್ಲಿ ಇಲ್ಲಿ ಬಕಾರ: ವೇಪ, ಬೇವು. ಅಲ್ಲಿ ಪಕಾರ ಉಳಿದಲ್ಲಿ ಇಲ್ಲಿ ಹಕಾರ: ಪುವ್ವು, ಹೂವು, ಪನಸ, ಹಲಸು. ನಮ್ಮ ಹಳಗನ್ನಡದ ಪೂ, ಪಲಸು ಎಂಬ ರೂಪಗಳನ್ನು ತರಗತಿಯಲ್ಲಿ ಓದಿದ್ದೇವಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು.

ಇನ್ನು ಕೆಲವು ಹೊಂದುವುದೇ ಇಲ್ಲ. ಅರಳಿಗೆ ರಾವಿ, ಆಲಕ್ಕೆ ಮರ್ರಿ, ಹುಣಸೆಗೆ ಚಿಂತ. ವಿಶಾಖಪಟ್ಟಣದಲ್ಲಿ ಮಾವನ ಮನೆ ಗುರುತು ಹೇಳುವಾಗ ಯಾರೋ 'ಚಿಂತಚೆಟ್ಟು' ಎಂದದ್ದಕ್ಕೆ ನಾನು ಚಿಂತೆಯ ಮರವೋ ಎಂದು ನಗೆಪಾಟಲಾಗಿದ್ದೆ. ಆದ್ದರಿಂದ ಕಿವಿಯನ್ನೊಂದೇ ನಂಬಬಾರದು. ಗೋಗು ಎಂದರೆ ಪುಂಡಿ ಎಂದು ತಿಳಿಯದೆ ಕೊಂಡಗೋಗು ಎಂಬುದನ್ನು ಎಷ್ಟು ಉಚ್ಚರಿಸಿದರೂ ಅರ್ಥ ಬಿಟ್ಟುಕೊಡದು.

ಈ ಊರಿನ ಹೆಸರುಗಳನ್ನು ಗೌರವದಿಂದ ಕೇಳಿ ಬರೆದುಕೊಂಡವನೊಬ್ಬ ಅದೇ ದಾರಿಯಲ್ಲಿದ್ದ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವ ರೈಲು ಸಾಮರ್ಲಕೋಟದ ಮೇಲೆ ಹೋಗುತ್ತದೆ. ವಿಲಿಯಂ ರಾಕ್ಸ್‌ಬರೋ ಎಂಬ ಕಂಪನಿ ಸರಕಾರದ ವೈದ್ಯ 1781ರಿಂದ 1793ರವರೆಗೆ ಅಲ್ಲಿದ್ದು, ಸುತ್ತಲ ಗಿಡಮರಗಳನ್ನು ಅಭ್ಯಾಸ ಮಾಡಿದ. ಭಾರತೀಯ ಚಿತ್ರಕಾರರಿಂದ ಚಿತ್ರ ಬರೆಸಿದ. ಆ ಪೈಕಿ 300 ಚಿತ್ರಗಳು ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಅವನ ಮೂರು ಸಂಪುಟಗಳಲ್ಲಿ 1795ರಿಂದ 1820ರೊಳಗೆ ಅಚ್ಚಾದವು. ಅವನು ಗಿಡಗಳಿಗೆ ಲ್ಯಾಟಿನ್ ಹೆಸರಿನ ಜೊತೆ ತೆಲುಗು ಹೆಸರನ್ನೂ ದಾಖಲಿಸುತ್ತಿದ್ದ. ನಾನು ಫೆಬ್ರವರಿಯಲ್ಲಿ ಅದೇ ನಿಲ್ದಾಣದಲ್ಲಿ ಇಳಿದು ಚಹಾ ಕುಡಿದೆ, ಅಷ್ಟೇ.

ಗುರುತು ಖಚಿತವಾದದ್ದು

ಹೂವಿನಿಂದ ಗುರುತು ಸಿಕ್ಕಿತಾದರೂ ಮೇಷ್ಟ್ರು, "ಕಾಯಿ ನೋಡುವ ತನಕ ಮುಗಿದಂತಲ್ಲ" ಎಂದಿದ್ದರು. ಮೇ ತಿಂಗಳಲ್ಲಿ ವಿಜಯವಾಡದ ಚಿಕ್ಕಮ್ಮನ ಮನೆಗೆ ಹೋದಾಗ ಆ ಅವಕಾಶ ಒದಗಿತು. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕೊಂಡಪಲ್ಲಿ. ಮರದ ಗೊಂಬೆಗಳಿಗೆ ಹೆಸರಾದ ಊರು. ಗೊಂಬೆಯ ಮರ ಬೇರೆ, ಅದಕ್ಕೆ ತೆಲ್ಲ ಪೊಣಿಕಿ ಎನ್ನುತ್ತಾರೆ. ಕೋಟೆಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ, ಬಂಡೆಯ ಸಂದಿನಲ್ಲಿ ಅದೇ ಗಾತ್ರದ, ಅದೇ ನಿಲುವಿನ ಮರ ಕಂಡಿತು. ಹೂವಿಲ್ಲ. ಪೇರಳೆಕಾಯಿಯಂಥ ಕಾಯಿಗಳು ಒಣಗಿ ಐದು ಹೋಳಾಗಿ ಬಾಯಿ ಬಿಟ್ಟಿದ್ದವು. ಒಳಗೆ ಬೆಳ್ಳನೆಯ ಹತ್ತಿ, ಹತ್ತಿಯಲ್ಲಿ ಬಾಗಿದ ಸಣ್ಣ ಬೀಜ. ಬುಡದಲ್ಲಿ ಹೋದ ವರ್ಷದ ಒಣ ಎಲೆ ಒಂದು ಸಿಕ್ಕಿತು, ಐದು ಬೆರಳು. ದಾರಿಹೋಕ ದನಗಾಹಿಯೊಬ್ಬರನ್ನು ಕೇಳಿದೆ. "ಕೊಂಡಗೋಗು" ಅಂದರು. ವಿಶಾಖಪಟ್ಟಣದಿಂದ ಸುಮಾರು 350 ಕಿಲೋಮೀಟರ್ ಈಚೆಗೆ, ಅದೇ ಮಾತು.

ಅವರೇ ಇನ್ನೊಂದನ್ನೂ ತೋರಿಸಿದರು. ತೊಗಟೆಯ ಗಾಯದಲ್ಲಿ ಹಳದಿ ಛಾಯೆಯ ಅಂಟು ಗಟ್ಟಿಯಾಗಿತ್ತು. ತೆಲುಗಿನಲ್ಲಿ ಇದು ಬಂಕ, ನಮ್ಮ ಗೋಂದು. ಆಂಧ್ರದ ಕಾಡುಗಳಲ್ಲಿ ಗೋಂದು ಒಂದು ಜೀವನೋಪಾಯ. ತಪಸಿ ಎಂಬ ಇನ್ನೊಂದು ಮರದಿಂದ ಬರುವ ಕರಾಯ ಗೋಂದಿಗೆ ಹೆಚ್ಚಿನ ಬೇಡಿಕೆ. ಕೊಂಡಗೋಗಿನದನ್ನು ಅದರ ಬದಲಿಗೆ ಬಳಸಿದ್ದುಂಟು. ಗಿರಿಜನರಿಂದ ಇಂಥ ಕಾಡು ಉತ್ಪನ್ನಗಳನ್ನು ಕೊಳ್ಳಲು 1956ರಲ್ಲಿ ಸ್ಥಾಪನೆಯಾದ ಗಿರಿಜನ ಸಹಕಾರ ಸಂಸ್ಥೆಯ ಮುಖ್ಯ ಕಚೇರಿ ಇರುವುದು ವಿಶಾಖಪಟ್ಟಣದಲ್ಲೇ. ಗೋಂದಿಗಾಗಿ ಆಳವಾಗಿ ಕಡಿದರೆ ಮರವೇ ಸಾಯುತ್ತದೆ. ಯಾವ ಮರ ಯಾವುದು ಎಂದು ತಪ್ಪದೆ ಗುರುತಿಸುವುದು ನಮಗೆ ಹವ್ಯಾಸವಾಗಿರಬಹುದು. ಗೋಂದು ತೆಗೆಯುವವರಿಗೆ ಅದು ಅಂದಿನ ಕೂಲಿಯ ಪ್ರಶ್ನೆ.

ಅಭ್ಯಾಸಕ್ಕೆ

ಮುಂದಿನ ರಜೆಯಲ್ಲಿ ನೀವೂ ಎಲ್ಲಾದರೂ ಗುರುತಿಲ್ಲದ ಹೂಮರ ಕಂಡರೆ ಹೀಗೆ ಮಾಡಿ ನೋಡಿ.

1. ಬಣ್ಣವನ್ನು ಕೊನೆಗೆ ಬರೆಯಿರಿ. ಮೊದಲು ದಳ ಎಷ್ಟು, ಬಿಡಿಯೋ ಬೆಸೆದಿವೆಯೋ, ಕೇಸರ ಕೆಲವೋ ಹಲವೋ ನೋಡಿ.

2. ಮರದಲ್ಲಿ ಎಲೆ ಇಲ್ಲವೆಂದರೆ ಬುಡದಲ್ಲಿ ಹುಡುಕಿ. ಬಿದ್ದ ಹೂವನ್ನೇ ಎತ್ತಿ, ಕೊಂಬೆ ಮುರಿಯಬೇಡಿ.

3. ತಿಂಗಳು, ನೆಲದ ಗುಣ, ಅಂಟು ಅಥವಾ ಹಾಲು ಬರುತ್ತದೆಯೇ ಎಂಬುದನ್ನು ಗುರುತು ಹಾಕಿಕೊಳ್ಳಿ.

4. ಆ ಊರಿನವರನ್ನು ಒಬ್ಬರಲ್ಲ, ಇಬ್ಬರನ್ನು ಕೇಳಿ. ಅವರು ಹೇಳಿದ್ದನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ; ಆಮೇಲೆ ಪದ ಬಿಡಿಸಿ ನೋಡಿ.

5. ಫೋನು ಹೇಳಿದ ಹೆಸರನ್ನು ಉತ್ತರವೆನ್ನದೆ ಪ್ರಶ್ನೆಯೆಂದು ಇಟ್ಟುಕೊಳ್ಳಿ. ಕಾಯಿ ಬಿಡುವ ಕಾಲದಲ್ಲಿ ಇನ್ನೊಮ್ಮೆ ಹೋಗಿ.

ನಿಮ್ಮ ಊರಿನ ಗುಡ್ಡದಲ್ಲಿ ಅರಿಶಿಣ ಬೂರುಗ ಇದ್ದರೆ, ಅದಕ್ಕೆ ಅಲ್ಲಿ ಬೇರೆ ಹೆಸರಿದ್ದರೆ, ದಯವಿಟ್ಟು ಸಂಘಕ್ಕೆ ಬರೆದುಕೊಡಿ. ಮುಂದಿನ ಸಂಚಿಕೆಯಲ್ಲಿ ಪಟ್ಟಿ ಮಾಡೋಣ. ಹೋದ ಸಂಚಿಕೆಯ ಪ್ರತಿ ಕೈಯಲ್ಲಿದ್ದವರು ನನ್ನ ಲೇಖನದಲ್ಲಿ ಟಬೇಬುಯಾ ಎಂದಿರುವಲ್ಲಿ ಪೆನ್ನಿನಿಂದ ಅಡ್ಡಗೆರೆ ಎಳೆದು 'ಕೊಂಡಗೋಗು, ಕನ್ನಡದಲ್ಲಿ ಅರಿಶಿಣ ಬೂರುಗ' ಎಂದು ಬರೆದುಕೊಳ್ಳಬೇಕಾಗಿ ವಿನಂತಿ. ಗ್ರಂಥಾಲಯದ ಎರಡು ಪ್ರತಿಗಳಲ್ಲಿ ನಾನೇ ತಿದ್ದಿ ಬಂದಿದ್ದೇನೆ.