ನೆಟ್ಟಗಾದ ಬೆನ್ನು, ಅಳಿಯದ ಅಂಜಿಕೆ

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆ ಬರುತ್ತದೆ. ತಂದೆ ಕಹೋಡನ ಶಾಪದಿಂದ ಎಂಟು ಕಡೆ ಡೊಂಕಾಗಿ ಹುಟ್ಟಿದ ಆ ಬಾಲಕ ಜನಕರಾಜನ ಸಭೆಯಲ್ಲಿ ಬಂದಿಯನ್ನು ವಾದದಲ್ಲಿ ಸೋಲಿಸಿ, ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿಕೊಂಡ. ಆಮೇಲೆ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ಎದ್ದೊಡನೆ ಅವನ ಅಂಗಗಳೆಲ್ಲ ನೆಟ್ಟಗಾದವು. ಈ ಕಥೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ನೀರಿನಿಂದ ಎದ್ದ ಮೇಲೆ ಅವನು ತನ್ನ ಹೊಸ ಮೈಯನ್ನು ಹೇಗೆ ನೋಡಿಕೊಂಡಿರಬಹುದು ಎಂಬ ಪ್ರಶ್ನೆ ಮಾತ್ರ ನಮಗೆ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವಳು ಒಬ್ಬ ವಿದ್ಯಾರ್ಥಿನಿ.

ಸಿ. ಬೆಳಗಲ್ಲಿಗೆ ಬರುವ ಮೊದಲು ನಾವಿದ್ದ ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಆ ಹುಡುಗಿ ಸದಾ ಒಂದು ಪಕ್ಕಕ್ಕೆ ವಾಲಿ ಕೂಡುತ್ತಿದ್ದಳು. “ನೆಟ್ಟಗೆ ಕೂಡಮ್ಮ” ಎಂದು ನಾವು ಗದರಿಸಿದ್ದಕ್ಕೆ ಲೆಕ್ಕವಿಲ್ಲ. ಅವಳು ತಟ್ಟನೆ ನೆಟ್ಟಗಾಗಲು ನೋಡುವಳು, ಆಗುತ್ತಿರಲಿಲ್ಲ. ಅದನ್ನು ನಾವು ಸೋಮಾರಿತನವೆಂದು ಎಣಿಸಿದ್ದೆವು.

ಅದು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವ ತೊಂದರೆ. ಎಕ್ಸರೇ ಚಿತ್ರದಲ್ಲಿ ಬಾಗು ೧೦ ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಈ ಹೆಸರು. ಹದಿವಯಸ್ಸಿನ ನೂರು ಮಕ್ಕಳಲ್ಲಿ ಎರಡು ಮೂರು ಮಕ್ಕಳಿಗೆ ಇದು ಇರುತ್ತದೆ. ದೊಡ್ಡ ಬಾಗು ಹುಡುಗಿಯರಲ್ಲಿಯೇ ಹೆಚ್ಚು. ಬಹುಪಾಲು ಮಕ್ಕಳಲ್ಲಿ ಕಾರಣವೇ ತಿಳಿಯದು. ಪುಸ್ತಕದ ಚೀಲದ ಭಾರದಿಂದ ಬಂದದ್ದಲ್ಲ, ನೀರಿನ ಕೊಡ ಹೊತ್ತದ್ದರಿಂದಲ್ಲ, ಸೊಟ್ಟಗೆ ಕುಳಿತದ್ದರಿಂದಂತೂ ಅಲ್ಲವೇ ಅಲ್ಲ. ತಾಯಂದಿರು ಮನೆಯಲ್ಲಿಯೇ ನೋಡಬಹುದಾದ ಗುರುತೊಂದಿದೆ. ಮಗು ಪಾದ ಜೋಡಿಸಿ, ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಲಿ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿದ್ದರೆ ವೈದ್ಯರಿಗೆ ತೋರಿಸಬೇಕು. ಬೆಳೆಯುವ ವಯಸ್ಸಿನಲ್ಲಿ ಬೇಗ ತಿಳಿದರೆ ಪಟ್ಟಿಕವಚ ತೊಡಿಸಿ ಬಾಗು ಹೆಚ್ಚದಂತೆ ತಡೆಯಲು ಸಾಧ್ಯವಿದೆ. ೪೫-೫೦ ಡಿಗ್ರಿ ದಾಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

೧೯೬೨ರಲ್ಲಿ ಅಮೆರಿಕದ ವೈದ್ಯ ಪಾಲ್ ಹ್ಯಾರಿಂಗ್ಟನ್ ಬೆನ್ನಿಗೆ ಲೋಹದ ಸರಳು ಜೋಡಿಸುವ ತಮ್ಮ ವಿಧಾನವನ್ನು ಪ್ರಕಟಿಸಿದರು. ಈಗ ಕಶೇರುಮಣಿಗಳಿಗೆ ತಿರುಪು ಕೂಡಿಸಿ, ಅವಕ್ಕೆ ಸರಳು ಬಿಗಿದು, ಮೂಳೆಯ ಚೂರುಗಳನ್ನು ಇಟ್ಟು ಆ ಭಾಗವೆಲ್ಲ ಒಂದಾಗಿ ಬೆಸೆಯುವಂತೆ ಮಾಡುತ್ತಾರೆ. ಬೆಸುಗೆ ಗಟ್ಟಿಯಾಗಲು ತಿಂಗಳುಗಳೇ ಬೇಕು.

ನಮ್ಮ ಹುಡುಗಿ ದೂರದ ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಾಗ ಮೊದಲಿಗಿಂತ ಎತ್ತರವಾಗಿದ್ದಳು. “ಎಷ್ಟು ಚೆನ್ನಾಗಿ ಆಗಿದ್ದೀಯಮ್ಮ!” ಎಂದೆವು. ಅವಳು ನಗಲಿಲ್ಲ. ಬೇಸಿಗೆಯಲ್ಲಿಯೂ ದಪ್ಪ ದಾವಣಿ ಹೊದ್ದು, ಗೋಡೆಗೆ ಒರಗುವ ಕೊನೆಯ ಬೆಂಚನ್ನೇ ಹುಡುಕುತ್ತಿದ್ದಳು. ಶಾಲೆಯ ಫೋಟೋ ದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿದಳು.

ಇದು ಹಟವಲ್ಲ. ಶಸ್ತ್ರಚಿಕಿತ್ಸೆಯಿಂದ ಬಾಗು ಬಹಳ ಮಟ್ಟಿಗೆ ಕಡಿಮೆಯಾದರೂ ಎಲ್ಲರಿಗೂ ಪೂರ್ತಿ ಹೋಗುವುದಿಲ್ಲ. ಒಂದು ಭುಜ ಸ್ವಲ್ಪ ಮೇಲೆ, ಪಕ್ಕೆಲುಬಿನ ಉಬ್ಬು ಸ್ವಲ್ಪ ಉಳಿಯಬಹುದು. ಬೆನ್ನಿನ ನಡುವೆ ಉದ್ದನೆಯ ಗಾಯದ ಗೆರೆ ಇರುತ್ತದೆ. ಅದರ ಸುತ್ತ ಜೋಮು. ಬೆಸೆದ ಭಾಗ ಬಾಗದು. ಇವೆಲ್ಲಕ್ಕಿಂತ ಮಿಗಿಲಾಗಿ, ವರ್ಷಗಟ್ಟಲೆ ಬೆನ್ನನ್ನು ಮರೆಮಾಚಿ ರೂಢಿಯಾದ ಮನಸ್ಸಿಗೆ ಬೆನ್ನು ನೆಟ್ಟಗಾದ ಸುದ್ದಿ ತಡವಾಗಿ ಮುಟ್ಟುತ್ತದೆ. ವೈದ್ಯರಿಗೂ ಇದು ಗೊತ್ತಿದೆ. ಸ್ಕೋಲಿಯೋಸಿಸ್ ಇದ್ದವರನ್ನು ಕೇಳುವ ೨೨ ಪ್ರಶ್ನೆಗಳ ಒಂದು ಪಟ್ಟಿಯಲ್ಲಿ ನೋವು, ಓಡಾಟಗಳ ಜೊತೆಗೆ ‘ನಿನ್ನ ರೂಪ ನಿನಗೆ ಹೇಗೆ ಕಾಣುತ್ತದೆ’ ಎಂಬುದನ್ನು ತಿಳಿಯುವ ಪ್ರಶ್ನೆಗಳೂ ಸೇರಿವೆ. ನಾವು ಯಾರೂ ಅವಳನ್ನು ಅದನ್ನು ಕೇಳಲಿಲ್ಲ, ಹೊಗಳಿ ಸುಮ್ಮನಾದೆವು.

ಕೇಳಿದ್ದು ಒಂದು ವರ್ಷದ ಮೇಲೆ. ಆಗ ಅವಳು ಹೇಳಿದ್ದು ಗಾಯದ ಮಾತಲ್ಲ, ‘ಗೂನಿ’ ಎಂಬ ಮಾತು. ಕನ್ನಡಕ್ಕೂ ತೆಲುಗಿಗೂ ಸಲ್ಲುವ ಮಾತಾದ್ದರಿಂದ ನಮ್ಮ ಗಡಿಸೀಮೆಯಲ್ಲಿ ಯಾವ ಬೀದಿಗೆ ಹೋದರೂ ಅದು ತಪ್ಪದು. ಬೆನ್ನು ನೆಟ್ಟಗಾದರೂ ಹೆಸರು ಬದಲಾಗಿರಲಿಲ್ಲ. ತರಗತಿಯಲ್ಲಿ ಆ ಹೆಸರು ಕರೆಯುತ್ತಿದ್ದವರಿಗೆ ನಮ್ಮ ‘ನೆಟ್ಟಗೆ ಕೂಡು’ ಎಂಬ ಗದರಿಕೆಯೇ ಮುನ್ನುಡಿಯಾಗಿತ್ತು. ನಾವು ಅವಳ ಕ್ಷಮೆ ಕೇಳಿದೆವು. ಆ ಹೆಸರನ್ನು ತರಗತಿಯಲ್ಲಿ ನಿಲ್ಲಿಸಿದೆವು. ಬೀದಿಯಲ್ಲಿ ನಿಲ್ಲಿಸುವುದು ನಮ್ಮ ಕೈಯಲ್ಲಿರಲಿಲ್ಲ.

ತಾಯಿಗೆ ಬೇರೆಯದೇ ಚಿಂತೆ. “ಸಾರ್, ನಾಳೆ ಹೆಣ್ಣು ನೋಡೋಕೆ ಬಂದವರು ಬೆನ್ನು ನೋಡಿದರೆ?” ಎಂದು ಆಕೆ ಮಗಳ ಎದುರಿಗೇ ಕೇಳಿದರು. ಈ ಶಸ್ತ್ರಚಿಕಿತ್ಸೆ ಆದ ಬಹುಪಾಲು ಹೆಣ್ಣುಮಕ್ಕಳು ಎಲ್ಲರಂತೆ ಮಕ್ಕಳನ್ನು ಹೆತ್ತು ಸಾಕುತ್ತಾರೆ ಎಂದು ನಾವು ತಿಳಿಸಿದೆವು. ಆದರೆ ಆ ಪ್ರಶ್ನೆಯನ್ನು ಹುಡುಗಿಯ ಕಿವಿಗೆ ಬೀಳದಂತೆ ಕೇಳಬಹುದಿತ್ತು.

ಇಂಗ್ಲೆಂಡಿನ ರಾಜಕುಮಾರಿ ಯೂಜನಿಗೆ ೨೦೦೨ರಲ್ಲಿ, ೧೨ನೆಯ ವಯಸ್ಸಿನಲ್ಲಿ, ಇದೇ ಶಸ್ತ್ರಚಿಕಿತ್ಸೆಯಾಯಿತು. ೨೦೧೮ರ ಅಕ್ಟೋಬರಿನಲ್ಲಿ ತನ್ನ ಮದುವೆಯ ದಿನ ಆಕೆ ಬೆನ್ನಿನ ಗಾಯದ ಗೆರೆ ಕಾಣುವಂತೆಯೇ ಉಡುಪು ಹೊಲಿಸಿಕೊಂಡಳು. ಆ ಚಿತ್ರವನ್ನು ನಾವು ನಮ್ಮ ಹುಡುಗಿಗೆ ತೋರಿಸಿದೆವು. ಬಹಳ ಹೊತ್ತು ನೋಡಿ, “ಅವರು ರಾಣಿ ಮನೆಯವರು ಸಾರ್” ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮುಂದಿನ ಯುಗಾದಿಗೆ ಹೊಸ ರವಿಕೆ ಹೊಲಿಸುವಾಗ, ಹಿಂದೆ ಕುತ್ತಿಗೆಯವರೆಗೂ ಮುಚ್ಚಿರಲಿ ಎಂದು ತಾಯಿ ದರ್ಜಿಗೆ ಹೇಳುತ್ತಿದ್ದರಂತೆ. ಹುಡುಗಿ ನಡುವೆ ಬಾಯಿ ಹಾಕಿ, “ಅಕ್ಕನ ರವಿಕೆ ಹೇಗಿದೆಯೋ ಹಾಗೇ ಹೊಲಿಯಣ್ಣ, ಸೆಕೆ ಆಗತೈತಿ” ಎಂದಳಂತೆ. ಇದನ್ನು ನಮಗೆ ಹೇಳಿದವರು ಆ ತಾಯಿಯೇ.