ಮೂರು ಕಾರ್ಡು, ಹಲವು ಅಭಿರುಚಿ: ಒಂಬತ್ತನೆಯ ತರಗತಿಯ ಒಂದು ಪಾಠಾನುಭವ

ಪೀಠಿಕೆ

ಪ್ರೌಢಶಾಲೆಯ ಮಕ್ಕಳಿಗೆ ಚರ್ಚೆಯ ವಿಷಯ ಕೊಡಬೇಕಾದಾಗ ನಾವು ಸಾಮಾನ್ಯವಾಗಿ 'ವಿಜ್ಞಾನ ವರವೋ ಶಾಪವೋ' ಎಂಬಂಥ ಸಿದ್ಧ ವಿಷಯವನ್ನು ಆರಿಸುತ್ತೇವೆ. ಮಕ್ಕಳೂ ಸಿದ್ಧ ವಾಕ್ಯಗಳನ್ನೇ ಒಪ್ಪಿಸುತ್ತಾರೆ. ಅವರು ಮನಸ್ಸಿಟ್ಟು ವಾದ ಮಾಡುವುದು ಊಟದ ಬಿಡುವಿನಲ್ಲಿ, ಅದೂ ಹೆಚ್ಚಾಗಿ ಹಾಡುಗಳ ಬಗ್ಗೆ. ಯಾವ ಹಾಡು ಸೂಪರ್, ಯಾವುದು ಬೋರು, ಯಾರ ಮೊಬೈಲಿನಲ್ಲಿ 'ಅಜ್ಜನ ಕಾಲದ' ಹಾಡಿದೆ ಎಂಬ ಜಗಳಗಳು. ಅಲ್ಲಿ ಗೆಲ್ಲುವುದು ದೊಡ್ಡ ದನಿ. ಸೋಲುವವರು ನಗೆಗೀಡಾಗಿ ಸುಮ್ಮನಾಗುತ್ತಾರೆ. ಹಾಡಿನ ಅಭಿರುಚಿ ಮನೆಯಿಂದ ಬರುವುದರಿಂದ, ಹಾಡನ್ನು ನೋಡಿ ನಕ್ಕರೆ ಮನೆಯವರನ್ನು ನೋಡಿ ನಕ್ಕಂತೆಯೇ ಮಗುವಿಗೆ ಅನಿಸುತ್ತದೆ. ಈ ವಾದವನ್ನು ತರಗತಿಯೊಳಗೆ ತಂದು, ಕಾರಣ ಕೊಟ್ಟು ಮಾತನಾಡುವುದನ್ನು ಕಲಿಸಬಹುದೇ ಎಂದು ನೋಡಲು ಅಭ್ಯಾಸ ಬೋಧನೆಯ ಎರಡನೆಯ ಸುತ್ತಿನಲ್ಲಿ ಕನ್ನಡ ಭಾಷಾ ವಿಷಯದಡಿ ಐದು ಅವಧಿಗಳ ಒಂದು ಘಟಕವನ್ನು ಯೋಜಿಸಿದೆ. ಪ್ರತಿ ಅವಧಿ 40 ನಿಮಿಷ. ಉಪಕರಣ, ನನ್ನ ಬಳಿಯಿದ್ದ ಒಂದು ಗಿಟಾರ್.

ಉದ್ದೇಶಗಳು

ಘಟಕದ ಕೊನೆಗೆ ವಿದ್ಯಾರ್ಥಿಯು: (1) ಮೂರು ಸುಲಭ ಕಾರ್ಡುಗಳನ್ನು ಗುರುತಿಸಿ ನುಡಿಸುವನು. (2) ಒಂದು ಹಾಡಿನ ಬಗ್ಗೆ ಕೇಳಿಸಿಕೊಂಡದ್ದನ್ನು ಆಧಾರವಾಗಿಟ್ಟು ಅಭಿಪ್ರಾಯ ಹೇಳುವನು. (3) ಎದುರು ಪಕ್ಷದವರ ಮಾತನ್ನು ಅವರು ಒಪ್ಪುವಂತೆ ಪುನರುಚ್ಚರಿಸಿ, ಆಮೇಲೆ ಉತ್ತರಿಸುವನು.

ಸಿದ್ಧತೆ

ಮೂವತ್ತಕ್ಕೂ ಹೆಚ್ಚು ಮಕ್ಕಳಿಗೆ ಒಂದೇ ಗಿಟಾರ್. ಆದ್ದರಿಂದ ಆರು ಗುಂಪು ಮಾಡಿ, ಪ್ರತಿ ಗುಂಪಿಗೂ ಉದ್ದನೆಯ ರಟ್ಟಿನ ಮೇಲೆ ಆರು ದಾರ ಎಳೆದು ಕಟ್ಟಿ, ಅಡ್ಡಗೆರೆಗಳಿಂದ ಫ್ರೆಟ್ಟುಗಳನ್ನು ಗುರುತಿಸಿಕೊಟ್ಟೆ. ಬೆರಳಿಡುವ ಅಭ್ಯಾಸ ರಟ್ಟಿನ ಮೇಲೆ, ನಾದ ಕೇಳುವ ಸರದಿ ಗಿಟಾರಿನಲ್ಲಿ. ಮೊದಲ ದಿನವೇ ಪ್ರತಿಯೊಬ್ಬರಿಂದ ಒಂದು ಚೀಟಿ ಬರೆಸಿಕೊಂಡೆ: ನಿನಗೆ ಇಷ್ಟವಾದ ಒಂದು ಹಾಡು, ಇಷ್ಟವಿಲ್ಲದ ಒಂದು ಹಾಡು, ಯಾಕೆ? 'ಯಾಕೆ' ಎಂಬಲ್ಲಿ ಬಹುತೇಕ ಚೀಟಿಗಳಲ್ಲಿದ್ದದ್ದು 'ಸೂಪರಾಗಿದೆ', 'ಬೋರು', 'ಹಳೇದು' ಎಂಬ ಒಂದೊಂದು ಪದ.

ಮೊದಲ ಎರಡು ಅವಧಿ: ಮೂರು ಕಾರ್ಡು

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದೇ ಕಾರ್ಡು ಎಂದು ಹೇಳಿ, ಸಣ್ಣ ಕೈಗಳಿಗೂ ಎಟಕುವ ರೂಪಗಳನ್ನು ಕಲಿಸಿದೆ. ಎಲ್ಲಕ್ಕಿಂತ ತೆಳುವಾದ ತಂತಿಯೇ ಮೊದಲನೆಯದು. ಅದರ ಮೂರನೆಯ ಫ್ರೆಟ್ಟನ್ನು ಒಂದೇ ಬೆರಳಿನಿಂದ ಒತ್ತಿ ಮೊದಲ ನಾಲ್ಕು ತಂತಿಗಳನ್ನು ಮೀಟಿದರೆ ಜಿ ಕಾರ್ಡು. ಎರಡನೆಯ ತಂತಿಯ ಮೊದಲ ಫ್ರೆಟ್ಟನ್ನು ಒತ್ತಿ ಮೊದಲ ಮೂರು ತಂತಿಗಳನ್ನು ಮೀಟಿದರೆ ಸಿ. ಡಿ ಕಾರ್ಡಿಗೆ ಮಾತ್ರ ಮೂರು ಬೆರಳು ಬೇಕು: ಮೊದಲ ಮತ್ತು ಮೂರನೆಯ ತಂತಿಯ ಎರಡನೆಯ ಫ್ರೆಟ್ಟು, ಎರಡನೆಯ ತಂತಿಯ ಮೂರನೆಯ ಫ್ರೆಟ್ಟು, ಮೀಟುವುದು ನಾಲ್ಕು ತಂತಿ.

ಬಳಿಕ ಕಪ್ಪುಹಲಗೆಯ ಮೇಲೆ, ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು, ಹೀಗೆ ಬರೆದೆ:

ಜಿ: ಸ ಗ ಪ
ಸಿ: ಮ ದ ಸ
ಡಿ: ಪ ನಿ ರಿ

'ಇದರಲ್ಲಿ ಯಾವ ಸ್ವರ ಬಿಟ್ಟುಹೋಗಿದೆ?' ಎಂದು ಕೇಳಿದೆ. ಮಕ್ಕಳು ಎಣಿಸಿ, ಒಂದೂ ಬಿಟ್ಟಿಲ್ಲ ಎಂದರು. ಶಂಕರಾಭರಣದ ಏಳೂ ಸ್ವರಗಳು ಈ ಮೂರು ಕಾರ್ಡುಗಳಲ್ಲಿ ಅಡಗಿವೆ. ಆ ಸ್ವರಗಳಲ್ಲಿ ನಡೆಯುವ ಎಷ್ಟೋ ಜನಪ್ರಿಯ ಹಾಡುಗಳಿಗೆ ಇವೇ ಮೂರು ಸಾಕಾಗುವುದು ಅದಕ್ಕೇ. ಎಲ್ಲರಿಗೂ ಬಾಯಿಗೆ ಬರುವ ಹುಟ್ಟುಹಬ್ಬದ ಹಾಡನ್ನು ಮೊದಲ ಅಭ್ಯಾಸಕ್ಕೆ ತೆಗೆದುಕೊಂಡೆವು. ಎಣಿಕೆ ಒಂದು-ಎರಡು-ಮೂರು. ಮೊದಲ ಸಾಲು ಜಿಯಿಂದ ಹೊರಟು ಡಿಗೆ ಹೋಗಿ ನಿಲ್ಲುತ್ತದೆ. ಎರಡನೆಯದು ಡಿಯಿಂದ ಜಿಗೆ ಮರಳುತ್ತದೆ. ಹುಟ್ಟುಹಬ್ಬದವರ ಹೆಸರು ಹೇಳುವ ಸಾಲಿನಲ್ಲಿ ಸಿ ಬರುತ್ತದೆ. 'ಮೊದಲನೇ ಸಾಲು ಪ್ರಶ್ನೆ ಕೇಳಿದ ಹಾಗಿದೆ ಸರ್, ಎರಡನೆಯದು ಉತ್ತರ' ಎಂದು ಒಬ್ಬಳು ಹೇಳಿದಳು. ಒಂದು ಪದದ ಚೀಟಿಗಳಿಂದಾಚೆ, ಕೇಳಿದ್ದನ್ನು ಮಾತಿಗೆ ತಂದ ಮೊದಲ ವಾಕ್ಯ ಅದು. ಅದನ್ನು ಹಲಗೆಯ ಮೂಲೆಯಲ್ಲಿ ಬರೆದು, ಘಟಕ ಮುಗಿಯುವವರೆಗೂ ಅಳಿಸಲಿಲ್ಲ.

ಮೂರನೆಯ ಅವಧಿ: ಕಾರ್ಡು ಒಗ್ಗದ ಹಾಡು

ಮೂರು ಕಾರ್ಡು ಕೈಗೆ ಬಂದ ಕೂಡಲೇ ತರಗತಿಯಲ್ಲಿ ಎರಡು ಪಕ್ಷಗಳಾದವು. 'ಗಿಟಾರಿಗೆ ಬರುವ ಹಾಡೇ ಒಳ್ಳೆ ಹಾಡು' ಎಂದಿತು ಒಂದು. 'ಮೂರೇ ಕಾರ್ಡಿನಲ್ಲಿ ಮುಗಿಯುವ ಹಾಡು ಏನು ಮಹಾ?' ಎಂದಿತು ಇನ್ನೊಂದು. ಎರಡನ್ನೂ ಪರೀಕ್ಷಿಸೋಣ ಎಂದೆ.

ಶಾಸ್ತ್ರೀಯ ಸಂಗೀತದ ಪಾಠಕ್ಕೆ ಹೋಗುವ ಹುಡುಗಿಯೊಬ್ಬಳು ಸರಳೆ ವರಸೆ ಹಾಡಿದಳು. ಅದು ಮಾಯಾಮಾಳವಗೌಳ, ಅದರ ರಿಷಭ, ಧೈವತಗಳು ಶುದ್ಧ, ಅಂದರೆ ನಮ್ಮ ಕಾರ್ಡುಗಳಲ್ಲಿರುವುದಕ್ಕಿಂತ ಒಂದು ಫ್ರೆಟ್ಟಿನಷ್ಟು ಕೆಳಗೆ. ಜಿ ಕಾರ್ಡು ಹೊಂದಿತು. ಅವಳು ರಿಷಭ ಹಾಡುವಾಗ ಡಿ ನುಡಿಸಿದರೆ ಇಡೀ ತರಗತಿ ಮುಖ ಸಿಂಡರಿಸಿತು. ಯಾಕೆಂದು ಹಲಗೆಯ ಮೇಲಿನ ಪಟ್ಟಿಯಲ್ಲೇ ಹುಡುಕಿದರು.

ಮೊದಲ ದಿನದ ಚೀಟಿಯಲ್ಲಿ ಹೊಸ ಸಿನಿಮಾ ಹಾಡೊಂದರ ಹೆಸರು ಬರೆದಿದ್ದ ಹುಡುಗನೊಬ್ಬ ಆಗ ಕೈ ಎತ್ತಿ, 'ನಮ್ಮ ತಾತ ಭಜನೆಯಲ್ಲಿ ತತ್ವಪದ ಹೇಳ್ತಾರೆ, ಅದನ್ನ ನೋಡೋಣ ಸರ್' ಎಂದ. ಹಿಂದಿನ ಬೆಂಚಿನಿಂದ ನಗು ಬಂತು. ಗದರಿಸುವ ಬದಲು ಹಾಡಲು ಹೇಳಿದೆ. ಅವನು ಹಾಡಿದ್ದು ಶಿಶುನಾಳ ಶರೀಫರ ಪದ. ಮೊದಲು ಮೂರು ಕಾರ್ಡುಗಳನ್ನು ಬದಲಾಯಿಸುತ್ತ ನುಡಿಸಿದೆ, ಹಾಡು ಎಳೆದಾಡಿದಂತಾಯಿತು. ಆಮೇಲೆ ಎಲ್ಲ ಬೆರಳನ್ನೂ ತೆಗೆದು, ಮೂರನೆಯ ತಂತಿಯೊಂದನ್ನೇ ಸಮ ಲಯದಲ್ಲಿ ಮೀಟಿದೆ. ತತ್ವಪದಕ್ಕೆ ಏಕತಾರಿ ಮಾಡುವ ಕೆಲಸ ಅದೇ: ಒಂದೇ ಶ್ರುತಿ, ಅದರ ಮೇಲೆ ಮಾತು. ಈ ಸಲ ನಗು ಬರಲಿಲ್ಲ. 'ಈಗ ಪದಗಳು ಕೇಳಿಸ್ತವೆ' ಎಂದವನು ನಕ್ಕವರಲ್ಲೇ ಒಬ್ಬ.

ಇಲ್ಲಿ ಎರಡೂ ಪಕ್ಷಗಳ ಮಾತು ಬಿದ್ದುಹೋಯಿತು. ಕಾರ್ಡು ಒಗ್ಗದಿದ್ದರೆ ಅದು ಹಾಡಿನ ಕೊರತೆಯಲ್ಲ. ಹಾಡು ಬೇರೆ ತಳಹದಿಯ ಮೇಲೆ ಕಟ್ಟಿದ್ದು. ಮೂರೇ ಕಾರ್ಡಿನಲ್ಲಿ ಮುಗಿದರೂ ಅದು ಕೊರತೆಯಲ್ಲ. ನುಡಿಸಲು ಸುಲಭವೋ ಕಷ್ಟವೋ ಎಂಬುದು ಕೈಗೆ ಸಂಬಂಧಿಸಿದ್ದು, ಹಾಡಿನ ಬೆಲೆಗಲ್ಲ.

ನಾಲ್ಕನೆಯ ಅವಧಿ: ದೊಡ್ಡವರ ಜಗಳ

ಇಂಥ ಜಗಳ ಮಕ್ಕಳದಷ್ಟೇ ಅಲ್ಲ ಎಂದು ತಿಳಿಸಲು ಆಕಾಶವಾಣಿಯ ಎರಡು ಪ್ರಸಂಗಗಳನ್ನು ಹೇಳಿದೆ. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಅದರ ಮನೆಗಳು ಸ್ಥಿರ, ಗಮಕ ಬರುವುದಿಲ್ಲ ಎಂಬುದು ವಿರೋಧಿಗಳ ಮುಖ್ಯ ಆಕ್ಷೇಪ. ನಿಷೇಧ ಸಡಿಲವಾದದ್ದು 1971ರಲ್ಲಿ. ಆ ವರ್ಷಗಳಲ್ಲೂ ನಮ್ಮ ಭಜನಾ ಮೇಳಗಳು, ನಾಟಕ ಕಂಪನಿಗಳು ಹಾರ್ಮೋನಿಯಂ ಬಿಡಲಿಲ್ಲ. ಎರಡನೆಯದು: 1952ರಲ್ಲಿ ಬಿ.ವಿ. ಕೇಸ್ಕರ್ ಮಾಹಿತಿ ಮತ್ತು ಪ್ರಸಾರ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳು ಬಹುಮಟ್ಟಿಗೆ ನಿಂತವು. ಕೇಳುಗರು ರೇಡಿಯೋ ಸಿಲೋನ್ ಕಡೆ ತಿರುಗಿದರು. 1957ರಲ್ಲಿ ವಿವಿಧ ಭಾರತಿ ಆರಂಭವಾಗಿ ಆ ಹಾಡುಗಳು ಮರಳಿದವು.

ಇದರ ಮೇಲೆ ಚರ್ಚೆ ನಡೆಯಿತು. ನಿಯಮ ನಾಲ್ಕು. ಮಾತನಾಡುವ ಹಾಡಿನ ಒಂದು ಸಾಲನ್ನಾದರೂ ಮೊದಲು ಹಾಡಬೇಕು ಅಥವಾ ನುಡಿಸಬೇಕು. ತಾಳ, ಸ್ವರ, ಮಾತು, ವಾದ್ಯ - ಈ ನಾಲ್ಕರಲ್ಲಿ ಯಾವುದರ ಬಗ್ಗೆ ಹೇಳುತ್ತಿದ್ದೇನೆಂದು ಸೂಚಿಸಬೇಕು. ಹಾಡಿನ ಬಗ್ಗೆ ಏನನ್ನೂ ಹೇಳಬಹುದು, ಅದನ್ನು ಇಷ್ಟಪಡುವವರ ಬಗ್ಗೆ ಏನನ್ನೂ ಹೇಳಬಾರದು. ಉತ್ತರಿಸುವ ಮುನ್ನ ಎದುರಿನವರ ಮಾತನ್ನು ಪುನರುಚ್ಚರಿಸಿ 'ಹೌದು, ಅದೇ ಹೇಳಿದ್ದು' ಎನ್ನಿಸಿಕೊಳ್ಳಬೇಕು. ಮಕ್ಕಳಿಗೆ ಅತ್ಯಂತ ಕಷ್ಟವಾದದ್ದು ಈ ಪುನರುಚ್ಚಾರವೇ. ವಾದದ ಬಿಸಿಯಲ್ಲಿ ಅವರು ಎದುರಿನವರ ಮಾತನ್ನು ಕೇಳಿಸಿಕೊಂಡೇ ಇರುತ್ತಿರಲಿಲ್ಲ. ಎರಡನೆಯ ಸಲ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಐದನೆಯ ಅವಧಿ: ಮೌಲ್ಯಮಾಪನ

ಮೊದಲ ದಿನದ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. ಉತ್ತರಗಳು ಎರಡು ಮೂರು ಸಾಲಿಗೆ ಬೆಳೆದಿದ್ದವು. 'ಈ ಹಾಡಿನಲ್ಲಿ ಡ್ರಮ್ಸ್ ಮಾತನ್ನು ಮುಚ್ಚಿಬಿಡುತ್ತದೆ, ಆದರೆ ಕುಣಿಯಲು ಅದೇ ಬೇಕು' ಎಂಬ ಉತ್ತರದಲ್ಲಿ ಪರ, ವಿರೋಧ ಎರಡೂ ಇವೆ. ಇನ್ನೊಬ್ಬ ಬರೆದ: 'ತತ್ವಪದ ನನಗೆ ಈಗಲೂ ಇಷ್ಟವಿಲ್ಲ. ನಿಧಾನವಾಗಿದೆ. ಆದರೆ ನಿಧಾನ ಯಾಕೆ ಅಂತ ಗೊತ್ತಾಯಿತು.' ಇದಕ್ಕೆ ಪೂರ್ಣ ಅಂಕ ಕೊಟ್ಟೆ. ಅಭಿರುಚಿಯನ್ನು ಬದಲಾಯಿಸುವುದು ಪಾಠದ ಉದ್ದೇಶವಾಗಿರಲಿಲ್ಲ. ತತ್ವಪದ ಹಾಡಿದ ಹುಡುಗ ಈ ಸಲ ಇಷ್ಟದ ಹಾಡಿನ ಜಾಗದಲ್ಲಿ ಎರಡು ಹೆಸರು ಬರೆದಿದ್ದ: ಸಿನಿಮಾ ಹಾಡು, ಅದರ ಕೆಳಗೆ ತಾತನ ಪದ.

ನುಡಿಸುವ ಕೌಶಲದಲ್ಲಿ ಫಲಿತಾಂಶ ಮಿಶ್ರ. ಜಿ ಮತ್ತು ಸಿ ಹೆಚ್ಚಿನವರಿಗೆ ಬಂತು. ಡಿ ಕಾರ್ಡಿಗೆ ಬೆರಳ ತುದಿ ನೋಯುತ್ತದೆ, ಬದಲಾವಣೆ ತಡವಾಗುತ್ತದೆ. ಐದು ಅವಧಿ ಅದಕ್ಕೆ ಸಾಲದು.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಗಿಟಾರೇ ಬೇಕೆಂದಿಲ್ಲ. ಶಾಲೆಯಲ್ಲಿ ಹಾರ್ಮೋನಿಯಂ ಇದ್ದರೆ ಸ-ಗ-ಪ ಮನೆಗಳನ್ನು ಒಟ್ಟಿಗೆ ಒತ್ತಿ ಇದೇ ಪಾಠ ಮಾಡಬಹುದು. ಚರ್ಚೆಗೆ ಮೊದಲು ಕನಿಷ್ಠ ಎರಡು ಅವಧಿ ನುಡಿಸುವುದಕ್ಕೆ ಕೊಡಿ. ಹೇಳಲು ಕೇಳಿದ ಅನುಭವವಿಲ್ಲದಿದ್ದರೆ ಮಕ್ಕಳು ಮತ್ತೆ 'ಸೂಪರ್', 'ಬೋರು'ಗಳಿಗೇ ಮರಳುತ್ತಾರೆ. ಹಾಡುಗಳನ್ನು ಮಕ್ಕಳೇ ತರಲಿ, ಆದರೆ ಅವು ತರಗತಿಗೆ ತಕ್ಕವೇ ಎಂದು ಹಿಂದಿನ ದಿನ ಕೇಳಿ ನೋಡಿ. ಶಿಕ್ಷಕರ ಇಷ್ಟದ ಹಾಡು ಯಾವುದೆಂದು ಅವರು ಕೇಳಿಯೇ ಕೇಳುತ್ತಾರೆ. ಕೊನೆಯ ಅವಧಿಯ ನಂತರವೇ ಹೇಳಿ; ಮೊದಲೇ ಹೇಳಿದರೆ ಅರ್ಧ ತರಗತಿ ಅದೇ ಹಾಡನ್ನು ಬರೆಯುತ್ತದೆ.